ಕ್ಷಮೆ ಮತ್ತು ಬಲಿ: ಕ್ರೈಸ್ತ ಚಿಂತನೆಯಲ್ಲಿ ಒಂದು ಪ್ರಶ್ನೆಯ ಇತಿಹಾಸ

೧

ದೇವರು ಅಪಾರ ಕರುಣೆಯುಳ್ಳವನೆಂಬುದು ಕ್ರೈಸ್ತರ ನಂಬಿಕೆ. ಮನುಷ್ಯನ ಪಾಪವು ಕ್ಷಮಿಸಲ್ಪಡುವುದಕ್ಕೆ ಯೇಸುಕ್ರಿಸ್ತನು ಶಿಲುಬೆಯ ಮೇಲೆ ಬಲಿಯಾಗಬೇಕಾಯಿತೆಂಬುದೂ ಅವರ ನಂಬಿಕೆಯೇ. ಯೂರೋಪಿನ ಮಧ್ಯಯುಗವನ್ನೋ ಮತಸುಧಾರಣೆಯ ಕಾಲವನ್ನೋ ಪಾಠ ಹೇಳುವಾಗ ವಿದ್ಯಾರ್ಥಿಗಳು ಈ ಎರಡು ನಂಬಿಕೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಪ್ರಶ್ನಿಸುವುದುಂಟು. ಕ್ಷಮಿಸುವ ಅಧಿಕಾರವೂ ಮನಸ್ಸೂ ಇರುವಾತನು ಸುಮ್ಮನೆ ಕ್ಷಮಿಸಬಾರದೇಕೆ? ನಿರಪರಾಧಿಯೊಬ್ಬನ ರಕ್ತವನ್ನು ಪಡೆದಮೇಲೆ ತೋರಿದ ಕೃಪೆಯನ್ನು ಕೃಪೆಯೆನ್ನಬಹುದೇ? 'ಅದು ಅವರ ಮತವಿಶ್ವಾಸ' ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುವುದು ಸುಲಭ. ಆದರೆ ಈ ಪ್ರಶ್ನೆಯನ್ನು ಕ್ರೈಸ್ತರೇ ತಮ್ಮೊಳಗೆ ಸುಮಾರು ಎರಡು ಸಾವಿರ ವರ್ಷಗಳಿಂದ ಕೇಳಿಕೊಂಡು ಬಂದಿದ್ದಾರೆ. ಅವರು ಕೊಟ್ಟುಕೊಂಡ ಉತ್ತರಗಳಿಗೆ ಒಂದು ಇತಿಹಾಸವಿದೆ. ಆ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ. ವಿಶ್ವಾಸದ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ಇತಿಹಾಸಕಾರನ ಕೆಲಸವಲ್ಲ.

ಮೊದಲಿಗೇ ಒಂದು ವಿವೇಚನೆಯನ್ನು ಮಾಡಿಕೊಳ್ಳಬೇಕು. 'ಕ್ರಿಸ್ತನ ಮರಣದಿಂದ ಪಾಪಕ್ಷಮೆ ದೊರೆಯಿತು' ಎಂಬುದು ಒಂದು ಮಾತು. 'ಆ ಮರಣವಿಲ್ಲದೆ ಕ್ಷಮಿಸುವುದು ದೇವರಿಗೇ ಸಾಧ್ಯವಿರಲಿಲ್ಲ' ಎಂಬುದು ಬೇರೊಂದು ಮಾತು. ಮೊದಲನೆಯದು ಕ್ರೈಸ್ತಸಭೆಯಷ್ಟೇ ಹಳೆಯದು. ಎರಡನೆಯದಾದರೋ ಬಹುಕಾಲ ನಿಶ್ಚಿತರೂಪವನ್ನು ತಾಳಲಿಲ್ಲ. ಅದನ್ನು ಕ್ರಮಬದ್ಧವಾದ ತರ್ಕದಿಂದ ಸಾಧಿಸಲು ಹೊರಟ ಪ್ರಸಿದ್ಧ ಗ್ರಂಥವು ಮುಗಿದುದು ಕ್ರಿ.ಶ. ೧೦೯೮ರಲ್ಲಿ. ಆಮೇಲೂ ಪ್ರಮುಖರಾದ ಆಚಾರ್ಯರೇ ಅದನ್ನು ಪೂರ್ಣವಾಗಿ ಅಂಗೀಕರಿಸಲಿಲ್ಲ. ಈ ಎರಡು ಮಾತುಗಳನ್ನು ಒಂದೆಂದೇ ಭಾವಿಸುವುದರಿಂದ ವಿಮರ್ಶಕರಲ್ಲಿಯೂ ಸಮರ್ಥಕರಲ್ಲಿಯೂ ಅನೇಕ ತಪ್ಪು ತಿಳಿವಳಿಕೆಗಳು ಉಂಟಾಗಿವೆ.

ಪರಿಭಾಷೆಯ ವಿಷಯದಲ್ಲಿಯೂ ಒಂದು ಮಾತು. ಕನ್ನಡದಲ್ಲಿ ಈ ತತ್ತ್ವವನ್ನು 'ಪ್ರಾಯಶ್ಚಿತ್ತ' ಎಂಬ ಪದದಿಂದ ಸೂಚಿಸುವುದು ವಾಡಿಕೆಯಾಗಿದೆ. ನಮ್ಮ ಧರ್ಮಶಾಸ್ತ್ರಗಳಲ್ಲಿ ಪ್ರಾಯಶ್ಚಿತ್ತವನ್ನು ಸಾಮಾನ್ಯವಾಗಿ ಮಾಡಿಕೊಳ್ಳುವವನು ಪಾಪ ಮಾಡಿದವನೇ. ಇಲ್ಲಿಯಾದರೆ ತಪ್ಪು ಮಾಡಿದವನು ಒಬ್ಬ, ಅದರ ಪರಿಹಾರವನ್ನು ಹೊತ್ತವನು ಇನ್ನೊಬ್ಬ. ಈ ಭೇದವನ್ನು ಮರೆತರೆ ಮುಂದಿನ ಚರ್ಚೆಯು ಅರ್ಥವಾಗಲಾರದು.

೨

ಕ್ರೈಸ್ತಮತವು ಹುಟ್ಟಿದುದು ಯೆರೂಸಲೇಮಿನ ದೇವಾಲಯದ ನೆರಳಿನಲ್ಲಿ. ಆ ದೇವಾಲಯದ ಪೂಜಾವಿಧಿಗಳು ಹೀಬ್ರೂ ಧರ್ಮಗ್ರಂಥದ ಯಾಜಕಕಾಂಡದಲ್ಲಿ ವಿವರವಾಗಿ ದೊರೆಯುತ್ತವೆ. ವರ್ಷಕ್ಕೊಮ್ಮೆ, ಏಳನೆಯ ತಿಂಗಳಿನ ಹತ್ತನೆಯ ದಿನ, ಮಹಾಯಾಜಕನು ತನಗಾಗಿ ಒಂದು ಹೋರಿಯನ್ನು ಬಲಿಕೊಟ್ಟು, ಜನರಿಗಾಗಿ ಎರಡು ಹೋತಗಳನ್ನು ತರಿಸಿ ಚೀಟಿ ಹಾಕುತ್ತಿದ್ದನು. ಒಂದನ್ನು ದೇವರಿಗೆ ಬಲಿಯಾಗಿ ಅರ್ಪಿಸಿ, ಅದರ ರಕ್ತವನ್ನು ಗರ್ಭಗೃಹದೊಳಗೆ ಚಿಮುಕಿಸುತ್ತಿದ್ದನು. ಇನ್ನೊಂದರ ತಲೆಯ ಮೇಲೆ ಎರಡು ಕೈಗಳನ್ನೂ ಇಟ್ಟು, ಜನರ ಪಾಪಗಳನ್ನೆಲ್ಲ ಅರಿಕೆಮಾಡಿ, ಅದನ್ನು ಅರಣ್ಯಕ್ಕೆ ಅಟ್ಟಿಸುತ್ತಿದ್ದನು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಪಾಪವನ್ನು ಹೊತ್ತ ಹೋತವನ್ನು ಕೊಲ್ಲುವಂತೆ ವಿಧಿಸಿಲ್ಲ. ಕೊಲ್ಲುವ ಹೋತದ ಮೇಲೆ ಪಾಪವನ್ನು ಹೊರಿಸುವಂತೆಯೂ ಹೇಳಿಲ್ಲ. ರಕ್ತವನ್ನು ಚಿಮುಕಿಸುವುದು ಜನರ ಅಶುದ್ಧಿಯಿಂದ ಮಲಿನವಾದ ಪವಿತ್ರಸ್ಥಾನವನ್ನು ಶುದ್ಧಿಗೊಳಿಸುವುದಕ್ಕಾಗಿ. ರಕ್ತದಲ್ಲಿ ಪ್ರಾಣವಿರುವುದರಿಂದಲೇ ಅದಕ್ಕೆ ಆ ಶಕ್ತಿಯುಂಟೆಂದು ಗ್ರಂಥವು ಕಾರಣವನ್ನು ಕೊಡುತ್ತದೆ. ಆದುದರಿಂದ ದೇವಾಲಯದ ಬಲಿಯನ್ನು 'ಅಪರಾಧಿಗೆ ಬದಲಾಗಿ ಪ್ರಾಣಿಗೆ ಮರಣದಂಡನೆ' ಎಂದಷ್ಟೇ ವಿವರಿಸುವುದು ಸರಿಯಾಗಲಾರದು.

ಬಲಿಯೊಂದೇ ಕ್ಷಮೆಗೆ ದಾರಿಯೆಂದು ಆ ಶಾಸ್ತ್ರವೂ ಹೇಳುವುದಿಲ್ಲ. ಪಾಪಪರಿಹಾರದ ಬಲಿಗಳು ಬಹುಮಟ್ಟಿಗೆ ಅರಿಯದೆ ಮಾಡಿದ ತಪ್ಪುಗಳಿಗೆ ವಿಧಿಸಲ್ಪಟ್ಟವು. ಬೇಕೆಂದೇ ದೇವರನ್ನು ಧಿಕ್ಕರಿಸಿದವನಿಗೆ ಅರಣ್ಯಕಾಂಡವು ಬಲಿಯನ್ನು ವಿಧಿಸದೆ ಬಹಿಷ್ಕಾರವನ್ನು ವಿಧಿಸುತ್ತದೆ. ಇನ್ನೊಂದು ಕಡೆ ಯಾಜಕಕಾಂಡದ ಐದನೆಯ ಅಧ್ಯಾಯವು ಬಡವನಿಗೆ ವಿನಾಯಿತಿಯನ್ನು ಕೊಡುತ್ತದೆ. ಕುರಿಯನ್ನು ತರಲಾರದವನು ಎರಡು ಹಕ್ಕಿಗಳನ್ನು ತರಬಹುದು. ಅದೂ ಆಗದಿದ್ದರೆ ಒಂದು ಏಫಾ ಅಳತೆಯ ಹತ್ತನೆಯ ಒಂದು ಪಾಲು ನಯವಾದ ಹಿಟ್ಟನ್ನು, ಎಣ್ಣೆಯನ್ನೂ ಧೂಪವನ್ನೂ ಸೇರಿಸದೆ, ತಂದರೆ ಸಾಕು; ಅವನಿಗೂ ಕ್ಷಮೆಯಾಗುವುದು. ಒಂದು ಹನಿ ರಕ್ತವೂ ಇಲ್ಲದ ಈ ಹಿಟ್ಟಿನ ನೈವೇದ್ಯವು ಈ ಚರ್ಚೆಯಲ್ಲಿ ಚಿಕ್ಕದಾಗಿ ಕಂಡರೂ ಮಹತ್ತ್ವದ ಸಾಕ್ಷ್ಯವಾಗಿದೆ. ಹೋಶೇಯ, ಮೀಕ ಮೊದಲಾದ ಪ್ರವಾದಿಗಳಂತೂ ದೇವರು ಬಯಸುವುದು ಬಲಿಗಿಂತ ಹೆಚ್ಚಾಗಿ ಕರುಣೆಯನ್ನು, ನ್ಯಾಯವನ್ನು, ನಮ್ರವಾದ ನಡತೆಯನ್ನು ಎಂದು ಸಾರಿದ್ದರು.

ಇವುಗಳ ಜೊತೆಗೆ ಇನ್ನೊಂದು ಭಾವನೆಯೂ ಬೆಳೆದುಬಂದಿತ್ತು. ಯೆಶಾಯನ ಗ್ರಂಥದ ಐವತ್ತಮೂರನೆಯ ಅಧ್ಯಾಯದಲ್ಲಿ ಅನೇಕರ ಅಪರಾಧವನ್ನು ಹೊತ್ತು ಬಾಧೆಪಡುವ ಸೇವಕನೊಬ್ಬನ ಚಿತ್ರವಿದೆ. ಗ್ರೀಕ್ ಅರಸರ ಕಿರುಕುಳದಲ್ಲಿ, ಕ್ರಿ.ಪೂ. ಎರಡನೆಯ ಶತಮಾನದಲ್ಲಿ, ಧರ್ಮಕ್ಕಾಗಿ ಪ್ರಾಣಕೊಟ್ಟವರ ಮರಣವು ಇಡೀ ಜನಾಂಗದ ಪಾಪವನ್ನು ಪರಿಹರಿಸಿತೆಂಬ ಮಾತು ಮಕ್ಕಬಿಯರ ನಾಲ್ಕನೆಯ ಗ್ರಂಥದಲ್ಲಿ ಬರುತ್ತದೆ. ನೀತಿವಂತನ ಸಾವು ಇತರರಿಗೆ ಫಲಕೊಡುವುದೆಂಬ ಈ ಭಾವನೆಯು ಯೆಹೂದ್ಯರಿಗೆ ಅಪರಿಚಿತವಾಗಿರಲಿಲ್ಲ.

೩

ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ಕಾಲದಲ್ಲಿ, ಕ್ರಿ.ಶ. ೩೦ರ ಸುಮಾರಿನಲ್ಲಿ, ಯೇಸುವಿಗೆ ಶಿಲುಬೆಯ ಮರಣದಂಡನೆಯಾಯಿತು. ಶಿಲುಬೆಯು ದಾಸರಿಗೂ ದಂಗೆಕೋರರಿಗೂ ವಿಧಿಸುತ್ತಿದ್ದ ಅಪಮಾನಕರವಾದ ಶಿಕ್ಷೆ. ದೇವರು ಕಳುಹಿಸಿದವನೆಂದು ತಾವು ನಂಬಿದಾತನಿಗೆ ಇಂಥ ಅಂತ್ಯವೇಕೆ ಬಂದಿತೆಂಬುದನ್ನು ಶಿಷ್ಯರು ತಮಗೂ ಇತರರಿಗೂ ವಿವರಿಸಬೇಕಾಗಿತ್ತು. ಕ್ರಿ.ಶ. ೫೩-೫೫ರ ಸುಮಾರಿಗೆ ಕೊರಿಂಥದವರಿಗೆ ಪತ್ರ ಬರೆದ ಪೌಲನು, ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನೆಂಬುದನ್ನು ತಾನು ಹಿಂದಿನವರಿಂದ ಪಡೆದ ಉಪದೇಶವೆಂದೇ ಹೇಳುತ್ತಾನೆ. ಅಂದರೆ ದೇವಾಲಯವು ಇನ್ನೂ ನಿಂತಿದ್ದಾಗ, ಅಲ್ಲಿ ಬಲಿಗಳು ನಡೆಯುತ್ತಿದ್ದಾಗಲೇ, ಈ ನಂಬಿಕೆಯು ನೆಲೆಗೊಂಡಿತ್ತು. ಅದು ದೇವಾಲಯದ ನಾಶದ ಅನಂತರ ಹುಟ್ಟಿದ ಸಮಾಧಾನವೆಂಬ ಊಹೆಗೆ ಈ ಕಾಲಾನುಕ್ರಮವು ಅವಕಾಶ ಕೊಡುವುದಿಲ್ಲ.

ಆದರೆ ಆ ಮರಣವು ಹೇಗೆ ಫಲಿಸಿತೆಂಬುದಕ್ಕೆ ಹೊಸ ಒಡಂಬಡಿಕೆಯಲ್ಲಿ ಒಂದೇ ವಿವರಣೆಯಿಲ್ಲ. ಪೌಲನು ಒಂದು ಕಡೆ ಕ್ರಿಸ್ತನನ್ನು ಪಸ್ಕಹಬ್ಬದ ಕುರಿಮರಿಯೆನ್ನುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ, ಗರ್ಭಗೃಹದ ಮಂಜೂಷದ ಮುಚ್ಚಳಕ್ಕೆ ಗ್ರೀಕ್ ಅನುವಾದವು ಬಳಸಿದ ಶಬ್ದವನ್ನೇ ಕ್ರಿಸ್ತನಿಗೆ ಅನ್ವಯಿಸುತ್ತಾನೆ. ಮಾರ್ಕನ ಸುವಾರ್ತೆಯಲ್ಲಿ ದಾಸರ ಬಿಡುಗಡೆಗೆ ತೆರುವ ಈಡಿನ ಹಣದ ಉಪಮಾನವಿದೆ. ಲೂಕನು ಹೇಳುವ ತಪ್ಪಿಹೋದ ಮಗನ ಕಥೆಯಲ್ಲಾದರೋ ತಂದೆಯು ದೂರದಲ್ಲಿ ಮಗನನ್ನು ಕಂಡಕೂಡಲೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಅಲ್ಲಿ ಈಡೂ ಇಲ್ಲ, ದಂಡವೂ ಇಲ್ಲ. ಕೊಬ್ಬಿದ ಕರುವನ್ನು ಕೊಯ್ಯುವುದು ಪ್ರಾಯಶ್ಚಿತ್ತಕ್ಕಾಗಿಯಲ್ಲ, ಔತಣಕ್ಕಾಗಿ.

ಬಲಿಯ ವಿಚಾರವನ್ನು ವಿಸ್ತಾರವಾಗಿ ಪ್ರತಿಪಾದಿಸುವುದು ಇಬ್ರಿಯರಿಗೆ ಬರೆದ ಪತ್ರಿಕೆ. ಇದರ ಕರ್ತೃ ಯಾರೆಂಬುದು ತಿಳಿದಿಲ್ಲ. ರಕ್ತಧಾರೆಯಿಲ್ಲದೆ ಕ್ಷಮೆಯಿಲ್ಲವೆಂಬ ಮಾತಿಗೆ ಆಧಾರವಾಗಿ ಮುಂದಿನವರೆಲ್ಲ ಎತ್ತಿಹೇಳುವುದು ಇದರ ಒಂಬತ್ತನೆಯ ಅಧ್ಯಾಯವನ್ನೇ. ಆದರೆ ಅಲ್ಲಿ ಲೇಖಕನು ಹಳೆಯ ಧರ್ಮಶಾಸ್ತ್ರದ ಪದ್ಧತಿಯನ್ನು ವಿವರಿಸುತ್ತಿದ್ದಾನೆ. ಬಹುಮಟ್ಟಿಗೆ ಎಲ್ಲವೂ ಎಂಬ ಎಚ್ಚರದ ಮಾತನ್ನೂ ಸೇರಿಸಿದ್ದಾನೆ. ಅವನ ವಾದದ ಗುರಿ ಬೇರೆ. ವರ್ಷವರ್ಷವೂ ಕೊಡಬೇಕಾದ ಬಲಿಯು ಪಾಪವನ್ನು ನಿಜವಾಗಿ ನೀಗಿಸಿಲ್ಲವೆಂಬುದಕ್ಕೆ ಆ ಪುನರಾವೃತ್ತಿಯೇ ಸಾಕ್ಷಿ. ಕ್ರಿಸ್ತನು ತನ್ನನ್ನೇ ಒಂದೇ ಸಲ ಅರ್ಪಿಸಿಕೊಂಡುದರಿಂದ ಇನ್ನು ಬಲಿಗಳು ಬೇಕಿಲ್ಲ. ಹೀಗೆ ಬಲಿಯ ಭಾಷೆಯನ್ನು ಬಹಳವಾಗಿ ಬಳಸಿದ ಗ್ರಂಥವೇ ಬಲಿಪದ್ಧತಿಯ ಮುಕ್ತಾಯವನ್ನು ಘೋಷಿಸಿತು.

೪

ಕ್ರಿ.ಶ. ೭೦ರಲ್ಲಿ ಟೈಟಸನ ರೋಮನ್ ಸೈನ್ಯವು ಯೆರೂಸಲೇಮನ್ನು ಹಿಡಿದು ದೇವಾಲಯವನ್ನು ಸುಟ್ಟುಹಾಕಿತು. ದೇವಾಲಯದ ಏಳು ಕವಲುಗಳ ದೀಪಸ್ತಂಭವನ್ನು ಹೊತ್ತೊಯ್ಯುತ್ತಿರುವ ದೃಶ್ಯವನ್ನು ರೋಮಿನ ಟೈಟಸನ ವಿಜಯದ್ವಾರದಲ್ಲಿ ಇಂದಿಗೂ ಕಾಣಬಹುದು. ಬಲಿಪೀಠವೇ ಇಲ್ಲವಾದ ಮೇಲೆ ಕ್ಷಮೆಗೆ ದಾರಿಯಾವುದು? ಒಂದೇ ಪರಂಪರೆಯ ಎರಡು ಶಾಖೆಗಳು ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳನ್ನು ಕೊಟ್ಟವು. ಯೆಹೂದ್ಯ ಸಂಪ್ರದಾಯದಲ್ಲಿ ಒಂದು ಕಥೆಯಿದೆ. ಹಾಳುಬಿದ್ದ ದೇವಾಲಯವನ್ನು ನೋಡಿ ದುಃಖಿಸಿದ ಶಿಷ್ಯನಿಗೆ ರಬ್ಬಿ ಯೋಹಾನಾನ್ ಬೆನ್ ಜಕ್ಕಾಯಿಯು, ಬಲಿಗೆ ಸಮಾನವಾದ ಪರಿಹಾರವು ನಮಗೆ ಇನ್ನೊಂದುಂಟು, ಅದೇ ದಯೆಯ ಕಾರ್ಯ ಎಂದು ಹೋಶೇಯನ ವಚನವನ್ನು ಆಧಾರವಾಗಿ ಕೊಟ್ಟನಂತೆ. ಪಶ್ಚಾತ್ತಾಪ, ಪ್ರಾರ್ಥನೆ, ದಾನಧರ್ಮಗಳೇ ಆ ಜನರಿಗೆ ಬಲಿಯ ಸ್ಥಾನವನ್ನು ತುಂಬಿದವು. ಕ್ರೈಸ್ತರಾದರೋ ಬಲಿಯು ಒಮ್ಮೆ ಪೂರ್ಣವಾಗಿ ನಡೆದುಹೋಗಿದೆಯೆಂದು ಹೇಳಿದರು. ಇಬ್ಬರೂ ಬಲಿಪೀಠವಿಲ್ಲದೆ ಬದುಕಲು ಕಲಿತರು.

ಈ ಸಂಗತಿಯು ಮುಂದಿನ ಚರ್ಚೆಗೆ ಮುಖ್ಯವಾದುದು. ಬಲಿಯಿಲ್ಲದೆ ದೇವರು ಕ್ಷಮಿಸುವನೆಂದು ನಂಬಿದ ಸಮುದಾಯವೊಂದು ಕ್ರೈಸ್ತರ ನೆರೆಯಲ್ಲಿಯೇ, ಅದೇ ಧರ್ಮಗ್ರಂಥವನ್ನು ಓದುತ್ತ, ಶತಮಾನಗಳ ಕಾಲ ಬಾಳಿತು. ಅವರ ಆಕ್ಷೇಪಕ್ಕೆ ಉತ್ತರ ಹೇಳಬೇಕಾದ ಒತ್ತಡವು ಕ್ರೈಸ್ತ ಚಿಂತಕರ ಮೇಲೆ ಆಗಾಗ ಬೀಳುತ್ತಲೇ ಇತ್ತು.

೫

ಮೊದಲ ಸಾವಿರ ವರ್ಷಗಳಲ್ಲಿ ಕ್ರೈಸ್ತಸಭೆಯು ಕ್ರಿಸ್ತನ ಸ್ವರೂಪವನ್ನು ಕುರಿತು ಬಹಳ ಸೂಕ್ಷ್ಮವಾದ ನಿರ್ಣಯಗಳನ್ನು ಮಾಡಿತು. ೩೨೫ರ ನೈಸಿಯಾ, ೩೮೧ರ ಕಾನ್‌ಸ್ಟಾಂಟಿನೋಪಲ್, ೪೫೧ರ ಕಾಲ್ಸೆಡಾನ್ ಮಹಾಸಭೆಗಳ ಸೂತ್ರಗಳಲ್ಲಿ ಒಂದೊಂದು ಪದಕ್ಕೂ ವಾದವಿವಾದಗಳು ನಡೆದವು. ಆದರೆ ಕ್ರಿಸ್ತನ ಮರಣವು ಕ್ಷಮೆಯನ್ನು ಹೇಗೆ ತಂದಿತೆಂಬುದನ್ನು ಈ ಸಭೆಗಳಾವುವೂ ನಿರ್ಣಯಿಸಲಿಲ್ಲ. 'ನಮಗಾಗಿ' ಎಂಬ ಮಾತೊಂದನ್ನು ಹೇಳಿ ವಿಶ್ವಾಸಸೂತ್ರವು ಮುಂದಕ್ಕೆ ಸಾಗುತ್ತದೆ.

ಆ ಕಾಲದ ಆಚಾರ್ಯರು ತಮ್ಮ ಕಣ್ಣೆದುರಿನ ಜಗತ್ತಿನಿಂದ ಉಪಮಾನಗಳನ್ನು ಆರಿಸಿಕೊಂಡರು. ಸೆರೆಯಾಳುಗಳನ್ನೂ ದಾಸರನ್ನೂ ಈಡು ಕೊಟ್ಟು ಬಿಡಿಸುವುದು ಆ ಸಮಾಜದಲ್ಲಿ ನಿತ್ಯದ ಅನುಭವ. ಮನುಷ್ಯನು ಸೈತಾನನ ಸೆರೆಯಾಳಾಗಿದ್ದನು, ಕ್ರಿಸ್ತನ ಪ್ರಾಣವೇ ಅವನ ಬಿಡುಗಡೆಯ ಈಡು ಎಂದು ಒರಿಜೆನ್ ಬರೆದನು. ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗರಿಯು ಇದನ್ನು ಇನ್ನೂ ಬೆಳೆಸಿ, ಮಾನವದೇಹವೆಂಬ ಎರೆಯೊಳಗಿದ್ದ ದೈವತ್ವವೆಂಬ ಗಾಳವನ್ನು ಸೈತಾನನು ನುಂಗಿದನೆಂದನು. ಅವನ ಸಮಕಾಲೀನನೂ ಮಿತ್ರನೂ ಆದ ನಾಜಿಯಾನ್ಜಸ್‌ನ ಗ್ರೆಗರಿಯಾದರೋ ಇದನ್ನು ಕೇಳಿ ಸುಮ್ಮನಿರಲಿಲ್ಲ. ಈ ಈಡು ಸಂದುದು ಯಾರಿಗೆ? ಕಳ್ಳನಾದ ಸೈತಾನನಿಗೆ ದೇವರು ಬೆಲೆ ತೆತ್ತನೆನ್ನುವುದು ಅವಮಾನಕರ. ತಂದೆಗೆ ಎನ್ನೋಣವೆಂದರೆ, ನಮ್ಮನ್ನು ಸೆರೆಯಲ್ಲಿಟ್ಟವನು ಅವನಲ್ಲ. ಅಬ್ರಹಾಮನ ಮಗನನ್ನೇ ಬಲಿಯಾಗಿ ಸ್ವೀಕರಿಸದಿದ್ದ ದೇವರು ತನ್ನ ಮಗನ ರಕ್ತದಲ್ಲಿ ಸಂತೋಷಪಡುವನೇ? ತಂದೆಯು ಅದನ್ನು ಕೇಳಲೂ ಇಲ್ಲ, ಅದರ ಕೊರತೆಯೂ ಅವನಿಗಿರಲಿಲ್ಲವೆಂದು ಅವನ ಅಭಿಪ್ರಾಯ.

ಅಲೆಕ್ಸಾಂಡ್ರಿಯದ ಅಥನೇಷಿಯಸನು ನಮ್ಮ ಪ್ರಶ್ನೆಗೆ ಸಮೀಪವಾಗಿ ಬರುತ್ತಾನೆ. ಪಶ್ಚಾತ್ತಾಪವೊಂದೇ ಸಾಲದೇ ಎಂದು ತಾನೇ ಕೇಳಿ, ಬರಿಯ ತಪ್ಪಾಗಿದ್ದರೆ ಸಾಕಾಗುತ್ತಿತ್ತು, ಆದರೆ ಪಾಪದಿಂದ ಮನುಷ್ಯನ ಸ್ವಭಾವವೇ ನಾಶದ ಹಿಡಿತಕ್ಕೆ ಸಿಕ್ಕಿದೆ, ಅದನ್ನು ಮತ್ತೆ ಸೃಷ್ಟಿಸಬೇಕಾಗಿತ್ತು ಎಂದು ಉತ್ತರಿಸುತ್ತಾನೆ. ಇದು ನ್ಯಾಯಾಲಯದ ಮಾತೆನ್ನುವುದಕ್ಕಿಂತ ವೈದ್ಯನ ಮಾತು. ಪಶ್ಚಿಮದಲ್ಲಿ ಅಗಸ್ಟೀನನು, ದೇವರಿಗೆ ಬೇರೆ ಉಪಾಯಗಳು ಇಲ್ಲದಿರಲಿಲ್ಲ, ಆದರೆ ನಮ್ಮ ದುಃಸ್ಥಿತಿಯನ್ನು ಗುಣಪಡಿಸುವುದಕ್ಕೆ ಇದಕ್ಕಿಂತ ಉಚಿತವಾದುದು ಇರಲಿಲ್ಲ ಎಂದು ಸ್ಪಷ್ಟವಾಗಿ ಬರೆದನು. ಔಚಿತ್ಯ ಬೇರೆ, ಅನಿವಾರ್ಯತೆ ಬೇರೆ ಎಂಬುದನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು.

೬

ಅನಿವಾರ್ಯತೆಯ ವಾದಕ್ಕೆ ಪೂರ್ಣರೂಪವನ್ನು ಕೊಟ್ಟವನು ಆನ್ಸೆಲ್ಮ್. ೧೦೩೩ರಲ್ಲಿ ಆಯೋಸ್ಟಾದಲ್ಲಿ ಹುಟ್ಟಿ, ನಾರ್ಮಂಡಿಯ ಬೆಕ್ ಮಠದ ಅಧಿಪತಿಯಾಗಿ, ೧೦೯೩ರಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನಾದ ಈತನು ಇಂಗ್ಲೆಂಡಿನ ಅರಸ ಎರಡನೆಯ ವಿಲಿಯಮನೊಡನೆ ವಿರಸವುಂಟಾಗಿ ೧೦೯೭ರಲ್ಲಿ ದೇಶವನ್ನು ಬಿಟ್ಟುಹೋಗಬೇಕಾಯಿತು. ದಕ್ಷಿಣ ಇಟಲಿಯ ಬೆಟ್ಟದ ಹಳ್ಳಿಯೊಂದರಲ್ಲಿದ್ದಾಗ, ೧೦೯೮ರಲ್ಲಿ, 'ದೇವರು ಮನುಷ್ಯನಾದುದೇಕೆ' ಎಂಬ ಗ್ರಂಥವನ್ನು ಮುಗಿಸಿದನು. ಅದು ಬೋಸೊ ಎಂಬ ಶಿಷ್ಯನೊಡನೆ ನಡೆದ ಸಂವಾದದ ರೂಪದಲ್ಲಿದೆ. ಇದಕ್ಕೆ ಕೆಲವು ವರ್ಷಗಳ ಹಿಂದೆ ಆನ್ಸೆಲ್ಮನ ಮಿತ್ರ, ವೆಸ್ಟ್‌ಮಿನ್‌ಸ್ಟರ್ ಮಠದ ಅಧಿಪತಿ ಗಿಲ್ಬರ್ಟ್ ಕ್ರಿಸ್ಪಿನನು ಒಬ್ಬ ಯೆಹೂದ್ಯನೊಡನೆ ನಡೆದ ವಾದವನ್ನು ಬರೆದು ಆನ್ಸೆಲ್ಮನಿಗೆ ಅರ್ಪಿಸಿದ್ದನು. ಅವಿಶ್ವಾಸಿಗಳ ಆಕ್ಷೇಪಗಳಿಗೆ ಧರ್ಮಗ್ರಂಥದ ಪ್ರಮಾಣವಿಲ್ಲದೆ, ಕ್ರಿಸ್ತನ ವಿಷಯವೇ ತಿಳಿಯದೆಂದು ಭಾವಿಸಿಕೊಂಡು, ಯುಕ್ತಿಯಿಂದಲೇ ಉತ್ತರಿಸುವೆನೆಂದು ಆನ್ಸೆಲ್ಮನು ಹೊರಟುದಕ್ಕೆ ಇಂಥ ವಾದಗಳೂ ಕಾರಣವಾಗಿದ್ದಿರಬಹುದು.

ಸೈತಾನನಿಗೆ ಈಡು ಕೊಟ್ಟನೆಂಬ ಹಳೆಯ ವಿವರಣೆಯನ್ನು ಅವನು ಮೊದಲೇ ತಳ್ಳಿಹಾಕುತ್ತಾನೆ. ಸೈತಾನನಿಗೆ ಮನುಷ್ಯನ ಮೇಲೆ ಯಾವ ಹಕ್ಕೂ ಇಲ್ಲ. ಪಾಪವೆಂದರೆ ದೇವರಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸದಿರುವುದು. ಕಸಿದ ಗೌರವವನ್ನು ಹಿಂದಿರುಗಿಸಿ, ಅವಮಾನಕ್ಕೆ ಪ್ರತಿಯಾಗಿ ಹೆಚ್ಚಿಗೆಯಾಗಿಯೂ ಏನನ್ನಾದರೂ ಅರ್ಪಿಸಬೇಕು, ಇದೇ ಪರಿಹಾರ. ಪರಿಹಾರ ಸಲ್ಲದಿದ್ದರೆ ದಂಡನೆಯಾಗಬೇಕು, ಮೂರನೆಯ ಮಾರ್ಗವಿಲ್ಲ. ಇಲ್ಲಿ ಬೋಸೊ ನಮ್ಮ ವಿದ್ಯಾರ್ಥಿಗಳ ಪ್ರಶ್ನೆಯನ್ನೇ ಕೇಳುತ್ತಾನೆ. ನಮಗೆ ತಪ್ಪುಮಾಡಿದವರನ್ನು ಸುಮ್ಮನೆ ಕ್ಷಮಿಸಬೇಕೆಂದು ನಮಗೆ ಆಜ್ಞಾಪಿಸಿದ ದೇವರು ತಾನು ಹಾಗೆ ಮಾಡಬಾರದೇ? ಆನ್ಸೆಲ್ಮನ ಉತ್ತರವಿದು. ಪರಿಹಾರವೂ ದಂಡನೆಯೂ ಇಲ್ಲದೆ ಬಿಟ್ಟರೆ ಪಾಪಿಗೂ ಪಾಪವಿಲ್ಲದವನಿಗೂ ಭೇದವುಳಿಯದು, ದೇವರ ರಾಜ್ಯದಲ್ಲಿ ಅವ್ಯವಸ್ಥೆಯು ಹಾಗೆಯೇ ನಿಲ್ಲುವುದು. ಪಾಪವು ಎಷ್ಟು ಭಾರವಾದುದೆಂಬುದನ್ನು ತೋರಿಸಲು ಅವನು ಒಂದು ದೃಷ್ಟಾಂತವನ್ನು ಕೊಡುತ್ತಾನೆ. ದೇವರು ನೋಡಬೇಡವೆಂದ ಕಡೆಗೆ ಒಂದು ನೋಟವನ್ನು ಹರಿಸುವುದರಿಂದ ಇಡೀ ವಿಶ್ವವು ನಾಶದಿಂದ ಉಳಿಯುವಂತಿದ್ದರೂ ಆ ನೋಟವು ಸಲ್ಲದು. ಹೀಗಿರಲು ಪರಿಹಾರವನ್ನು ಸಲ್ಲಿಸಬೇಕಾದವನು ಮನುಷ್ಯ, ಸಲ್ಲಿಸಬಲ್ಲವನು ದೇವರು ಮಾತ್ರ. ಆದಕಾರಣ ದೇವಮಾನವನು ಬೇಕಾಯಿತು.

ಈ ವಾದದ ಮುಖ್ಯ ಪದವು ಬಲಿಯಲ್ಲ, ಪರಿಹಾರ. ಆ ಪದವು ಅಂದಿನ ಸಮಾಜಕ್ಕೆ ಸುಪರಿಚಿತವಾಗಿತ್ತು. ಪಾಪನಿವೇದನೆ ಮಾಡಿದವನು ಗುರುವು ವಿಧಿಸಿದ ಉಪವಾಸ, ಯಾತ್ರೆ, ದಾನಗಳಿಂದ ಪರಿಹಾರವನ್ನು ಸಲ್ಲಿಸಬೇಕಾಗಿತ್ತು. ಜರ್ಮನಿಕ್ ಜನರ ಕಾನೂನುಗಳಲ್ಲಿ ಕೊಲೆಗೂ ಗಾಯಕ್ಕೂ ನೊಂದವನ ಅಂತಸ್ತಿಗೆ ತಕ್ಕಂತೆ ಪರಿಹಾರಧನವು ಗೊತ್ತಾಗಿತ್ತು. ಅಪರಾಧದ ಗುರುತ್ವವನ್ನು ಅವಮಾನಿತನ ಘನತೆಯಿಂದ ಅಳೆಯುವ ಲೋಕದಲ್ಲಿ, ಅನಂತನಾದ ದೇವರಿಗೆ ಮಾಡಿದ ಅವಮಾನವು ಅನಂತವೆಂಬುದನ್ನು ಬಿಡಿಸಿಹೇಳಬೇಕಾಗಿರಲಿಲ್ಲ. ಆನ್ಸೆಲ್ಮನು ಊಳಿಗಮಾನ್ಯ ಪದ್ಧತಿಯನ್ನೇ ದೇವಲೋಕಕ್ಕೆ ಏರಿಸಿದನೆನ್ನುವುದು ಅತಿಶಯೋಕ್ತಿಯಾದೀತು. ಅವನ 'ಗೌರವ'ವು ವಿಶ್ವದ ಸುವ್ಯವಸ್ಥೆಯನ್ನೇ ಕುರಿತದ್ದೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಆದರೆ ಅವನ ವಾದಕ್ಕೆ ಅನಿವಾರ್ಯತೆಯ ಬಲವನ್ನು ಕೊಟ್ಟುದರಲ್ಲಿ ಆ ಕಾಲದ ಸಮಾಜಕ್ಕೂ ಪಾಲುಂಟೆಂಬುದು ನಿಸ್ಸಂದೇಹ.

೭

ಈ ವಾದಕ್ಕೆ ಪ್ರತಿಕ್ರಿಯೆಯು ಒಂದು ತಲೆಮಾರಿನೊಳಗೇ ಬಂದಿತು. ಪೀಟರ್ ಅಬೆಲಾರ್ಡನು ರೋಮಾಪುರದವರಿಗೆ ಬರೆದ ಪತ್ರಿಕೆಯ ವ್ಯಾಖ್ಯಾನದಲ್ಲಿ, ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಎಷ್ಟು ಕ್ರೂರವೂ ಅನ್ಯಾಯವೂ ಆದುದೆಂದು ಪ್ರಶ್ನಿಸಿ, ಕ್ರಿಸ್ತನ ಮರಣದಲ್ಲಿ ತೋರಿದ ಪ್ರೇಮವು ನಮ್ಮಲ್ಲಿ ಪ್ರೇಮವನ್ನು ಹೊತ್ತಿಸುವುದೇ ವಿಮೋಚನೆಯೆಂದು ಉತ್ತರಿಸಿದನು. ಕ್ಲೇರ್ವೋದ ಬರ್ನಾರ್ಡನು ಇದನ್ನು ಉಗ್ರವಾಗಿ ಖಂಡಿಸಿದನು. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವೈನಸನು ಆನ್ಸೆಲ್ಮನ ಪರಿಹಾರತತ್ತ್ವವನ್ನು ಸ್ವೀಕರಿಸಿದನು, ಆದರೆ ಅದರ ಅನಿವಾರ್ಯತೆಯನ್ನು ಬಿಟ್ಟನು. ಅನ್ಯರಿಗಾದ ಅಪರಾಧವನ್ನು ನ್ಯಾಯಾಧೀಶನು ಸುಮ್ಮನೆ ಮನ್ನಿಸುವಂತಿಲ್ಲ. ದೇವರಿಗಾದರೋ ಮೇಲಿನವರಿಲ್ಲ, ತನಗೇ ಆದ ಅಪರಾಧವನ್ನು ಪರಿಹಾರವಿಲ್ಲದೆ ಮನ್ನಿಸಿದರೆ ಅದು ಕರುಣೆಯೇ ಹೊರತು ಅನ್ಯಾಯವಲ್ಲ ಎಂಬುದು ಅವನ ವಾದ. ಆನ್ಸೆಲ್ಮನ ಪ್ರಮೇಯಕ್ಕೆ ಇದಕ್ಕಿಂತ ನೇರವಾದ ಉತ್ತರವನ್ನು ಸಭೆಯ ಹೊರಗಿನವರಾರೂ ಕೊಟ್ಟಿರಲಾರರು.

ಹದಿನಾರನೆಯ ಶತಮಾನದ ಸುಧಾರಕರು ಇದೇ ತತ್ತ್ವವನ್ನು ಕೈಗೊಂಡರೂ ಅದರ ತಿರುಳನ್ನು ಮಾರ್ಪಡಿಸಿದರು. ಆನ್ಸೆಲ್ಮನ ಮತದಲ್ಲಿ ಪರಿಹಾರ ಅಥವಾ ದಂಡನೆ. ಕ್ರಿಸ್ತನು ಪರಿಹಾರವನ್ನು ಸಲ್ಲಿಸಿದುದರಿಂದ ದಂಡನೆಯು ತಪ್ಪಿತು. ಸುಧಾರಕರ ಮತದಲ್ಲಿ ದಂಡನೆಯನ್ನು ಅನುಭವಿಸುವುದೇ ಪರಿಹಾರ. ನಮಗಾಗಬೇಕಾಗಿದ್ದ ದಂಡನೆಯನ್ನು ಕ್ರಿಸ್ತನು ಅನುಭವಿಸಿದನು. ಮಠದ ಪ್ರಾಯಶ್ಚಿತ್ತದಿಂದ ನ್ಯಾಯಾಲಯದ ತೀರ್ಪಿಗೆ ಭಾಷೆಯು ಬದಲಾಯಿತು. ನ್ಯಾಯಶಾಸ್ತ್ರವನ್ನು ಓದಿದ ಕಾಲ್ವಿನನು, ಕ್ರಿಸ್ತನು ಗಲಭೆಯಲ್ಲಿ ಕೊಲ್ಲಲ್ಪಟ್ಟಿದ್ದರೆ ಸಾಲುತ್ತಿರಲಿಲ್ಲ, ಪಿಲಾತನ ನ್ಯಾಯಪೀಠದ ಮುಂದೆ ಅಪರಾಧಿಯೆಂದು ತೀರ್ಪು ಹೊಂದಬೇಕಾಗಿತ್ತೆಂದು ಹೇಳುವುದನ್ನು ಇಲ್ಲಿ ನೆನೆಯಬಹುದು. ಆದರೂ ಮಧ್ಯಸ್ಥನು ದೇವಮಾನವನಾಗಬೇಕಾದ ಅಗತ್ಯವು ಸ್ವತಃಸಿದ್ಧವಾದುದಲ್ಲ, ದೇವರ ಸಂಕಲ್ಪದಿಂದ ಬಂದುದು ಎಂದು ಅವನೂ ಎಚ್ಚರಿಕೆಯ ಮಾತನ್ನು ಹೇಳಿದ್ದಾನೆ.

ಈ ನ್ಯಾಯಾಲಯದ ಭಾಷೆಗೆ ತರ್ಕದಿಂದಲೇ ಪೆಟ್ಟು ಬಿದ್ದಿತು. ೧೫೯೪ರಲ್ಲಿ ಅಚ್ಚಾದ ಗ್ರಂಥದಲ್ಲಿ ಫೌಸ್ಟಸ್ ಸೋಸಿನಸನು, ಸಾಲವು ಪೂರ್ಣವಾಗಿ ಸಂದಿದ್ದರೆ ಅಲ್ಲಿ ಮನ್ನಾ ಮಾಡಿದುದೇನು, ಮನ್ನಾ ಮಾಡಿದ್ದರೆ ಸಲ್ಲಿಸಿದುದೇನು ಎಂದು ಕೇಳಿದನು. ೧೬೧೭ರಲ್ಲಿ ಹ್ಯೂಗೋ ಗ್ರೋಷಿಯಸನು, ದೇವರನ್ನು ಸಾಲಗಾರನ ಧಣಿಯಂತೆ ಕಾಣದೆ ಪ್ರಜೆಗಳ ಹಿತಕ್ಕಾಗಿ ಆಳುವ ಅರಸನಂತೆ ಕಾಣಬೇಕು, ಕಾನೂನನ್ನು ಸಡಿಲಿಸುವಾಗಲೂ ಅದರ ಮರ್ಯಾದೆಯನ್ನು ಉಳಿಸಲು ಒಂದು ನಿದರ್ಶನವು ಬೇಕಾಯಿತು ಎಂದು ಸಮಾಧಾನ ಹೇಳಿದನು. ಇಂಗ್ಲೆಂಡಿನ ಜಾನ್ ಓವೆನನು ಮೊದಲು ದೇವರು ಬಯಸಿದ್ದರೆ ಪರಿಹಾರವಿಲ್ಲದೆಯೂ ಕ್ಷಮಿಸಬಹುದಾಗಿತ್ತೆಂದು ಬರೆದು, ೧೬೫೩ರಲ್ಲಿ ಆ ಅಭಿಪ್ರಾಯವನ್ನು ಹಿಂತೆಗೆದುಕೊಂಡನು. ಒಬ್ಬನೇ ಪಂಡಿತನ ಮನಸ್ಸಿನಲ್ಲಿಯೂ ಈ ಪ್ರಶ್ನೆಯು ಹೀಗೆ ಎರಡು ಕಡೆಗೆ ತೂಗುತ್ತಿತ್ತು. ೧೯೩೦ರಲ್ಲಿ ಸ್ವೀಡನ್ನಿನ ಗುಸ್ತಾಫ್ ಔಲೆನನು, ಮರಣ ಮತ್ತು ಪಾಪಗಳ ಮೇಲೆ ಕ್ರಿಸ್ತನು ಪಡೆದ ವಿಜಯವೆಂಬ ಪ್ರಾಚೀನ ಭಾವನೆಯೇ ಸಭೆಯ ಮೂಲಮತವೆಂದು ವಾದಿಸಿ ಚರ್ಚೆಯನ್ನು ಹೊಸದಾಗಿಸಿದನು.

೮

ಮೇಲಿನ ನಿರೂಪಣೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕ್ರಿಸ್ತನ ಮರಣವು ಬಲಿಯೆಂಬ ನಂಬಿಕೆಯು ಯೆರೂಸಲೇಮಿನ ದೇವಾಲಯದಿಂದ ಬಂದ ಬಳುವಳಿ. ಅದನ್ನು ಕ್ರೈಸ್ತಸಭೆಯು ಎಂದೂ ಕೈಬಿಟ್ಟಿಲ್ಲ. ಅದಿಲ್ಲದೆ ಕ್ಷಮೆಯು ಅಸಾಧ್ಯವೆಂಬುದು ಆ ನಂಬಿಕೆಗೆ ಕೊಟ್ಟ ವಿವರಣೆಗಳಲ್ಲಿ ಒಂದು. ದಾಸರ ಈಡು, ಅರಸನ ಗೌರವ, ನ್ಯಾಯಾಲಯದ ದಂಡನೆ, ರಾಜ್ಯದ ಶಾಸನ, ಹೀಗೆ ಒಂದೊಂದು ಕಾಲವೂ ತನ್ನ ಸಮಾಜದಲ್ಲಿ ಯಾವುದನ್ನು ತಪ್ಪಿಸಿಕೊಳ್ಳಲಾಗದ ಋಣವೆಂದು ತಿಳಿದಿತ್ತೋ ಆ ಭಾಷೆಯಲ್ಲಿಯೇ ಶಿಲುಬೆಯನ್ನು ಅರ್ಥಮಾಡಿಕೊಂಡಿತು. ಆದುದರಿಂದ ಈ ವಿವರಣೆಗಳಲ್ಲಿ ಒಂದನ್ನು ಆರಿಸಿಕೊಂಡು ಅದೇ ಕ್ರೈಸ್ತಮತವೆಂದು ಹೊಗಳುವುದಾಗಲಿ ಹಳಿಯುವುದಾಗಲಿ ಇತಿಹಾಸಕ್ಕೆ ಒಪ್ಪುವುದಿಲ್ಲ. ಬಲಿಯಿಲ್ಲದೆ ಕ್ಷಮೆಯನ್ನು ನಂಬಿದ ಯೆಹೂದ್ಯರು ತಮ್ಮ ಧರ್ಮಗ್ರಂಥವನ್ನು ಅರಿಯದವರೆಂದು ಮಧ್ಯಯುಗದ ವಾದಿಗಳು ಆರೋಪಿಸಿದುದಕ್ಕೂ ಆ ಗ್ರಂಥವೇ ಅವಕಾಶ ಕೊಡುವುದಿಲ್ಲ. ಬಡವನ ಹಿಟ್ಟು ಅದರಲ್ಲಿಯೇ ಇದೆ.

ಹಾಗಾದರೆ ಇಷ್ಟು ಶತಮಾನಗಳ ಕಾಲ ಬುದ್ಧಿವಂತರು 'ಸುಮ್ಮನೆ ಕ್ಷಮಿಸಬಹುದಾಗಿತ್ತು' ಎಂಬ ಸರಳವಾದ ಉತ್ತರದಿಂದ ತೃಪ್ತರಾಗದಿದ್ದುದೇಕೆ? ಘೋರವಾದ ತಪ್ಪನ್ನು ಬಾಯಿಮಾತಿನಿಂದ ಅಳಿಸಿಬಿಟ್ಟರೆ ನೊಂದವನ ನೋವಿಗೆ ಬೆಲೆಯಿಲ್ಲದಂತಾಗುವುದೆಂಬ ಭಯವೇ ಇದಕ್ಕೆ ಕಾರಣವೆಂದು ತೋರುತ್ತದೆ. ಆನ್ಸೆಲ್ಮನು ಆ ಭಯಕ್ಕೆ ಮಾತು ಕೊಟ್ಟನು. ಅಬೆಲಾರ್ಡನಾದರೋ ನಿರಪರಾಧಿಯ ನೋವಿನಿಂದ ನ್ಯಾಯವು ತೃಪ್ತಿಯಾಗುವುದೆಂದರೆ ಅದು ನ್ಯಾಯವೇ ಎಂಬ ಇನ್ನೊಂದು ಭಯಕ್ಕೆ ಮಾತು ಕೊಟ್ಟನು. ಈ ಎರಡು ಭಯಗಳಲ್ಲಿ ಯಾವುದೊಂದನ್ನೂ ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಪ್ರಾಚೀನ ಮಹಾಸಭೆಗಳು ಈ ವಿಷಯವನ್ನು ಸೂತ್ರದಲ್ಲಿ ಬಂಧಿಸದೆ ಬಿಟ್ಟುದರಿಂದ ಬೋಸೊವಿನ ಪ್ರಶ್ನೆಗೆ ಕ್ರೈಸ್ತಸಭೆಯೊಳಗೇ ಎಡೆಯುಳಿಯಿತು. ಅದು ಇಂದಿಗೂ ಅಲ್ಲಿ ಮುಕ್ತಾಯವಾಗಿಲ್ಲ.